ಎರಡನೇ ರಿಮೋಟು

ನಮ್ಮ ಮನೆಯ ಹಾಲಿನಲ್ಲಿ ಎರಡು ಟೀವಿಗಳಿವೆ. ಒಂದು ಗೋಡೆಯ ಮೇಲೆ, ಎಲ್ಲರ ಮನೆಯಲ್ಲೂ ಇರುವಂಥ ಚಪ್ಪಟೆ ಟೀವಿ. ಇನ್ನೊಂದು ಮೂಲೆಯಲ್ಲಿ, ಅಮ್ಮನ ಹೊಲಿಗೆ ಮೆಷಿನ್ನಿನ ಸ್ಟ್ಯಾಂಡಿನ ಮೇಲೆ ಕೂತಿರುವ ಹದಿನಾಲ್ಕು ಇಂಚಿನ ಡಬ್ಬ ಟೀವಿ. ಹಿಂದೆ ಗೂನು, ಮುಂದೆ ಉಬ್ಬಿದ ಗಾಜು, ಆನ್ ಮಾಡಿದರೆ ಮೊದಲು ಸದ್ದು ಬಂದು ಆಮೇಲೆ ಚಿತ್ರ ಬರುವಂಥದ್ದು. ಹೊಸದಾಗಿ ಮನೆಗೆ ಬಂದವರು ಅದನ್ನು ನೋಡಿ, "ಕೆಟ್ಟೋಗಿದ್ಯಾ? ಗುಜರಿಯವನು ನಮ್ಮ ಬೀದಿಗೆ ಬಂದ್ರೆ ಕಳಿಸ್ತೀನಿ" ಎನ್ನುತ್ತಾರೆ. ಕೆಟ್ಟಿಲ್ಲ ಅಂದರೆ, "ಮತ್ತೆ ಯಾಕೆ ಇಟ್ಕೊಂಡಿದ್ದೀರಾ?" ಆಗ ನಾನು ಸ್ಟ್ಯಾಂಡಿನ ಕೆಳಗಿರುವ ಚಪ್ಪಲಿ ಡಬ್ಬವನ್ನು ಎಳೆದು ಮುಚ್ಚಳ ತೆಗೆಯಬೇಕಾಗುತ್ತದೆ. ಒಳಗೆ ಒಂದು ಕಾಲದಲ್ಲಿ ಬೆಳ್ಳಗಿದ್ದು ಈಗ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿರುವ ಪ್ಲಾಸ್ಟಿಕ್ ಪೆಟ್ಟಿಗೆ, ಅದರಿಂದ ಹೊರಟ ಎರಡು ವೈರು, ವೈರಿನ ತುದಿಗೆ ಎರಡು ರಿಮೋಟು, ಮೂರು ಕ್ಯಾಸೆಟ್ಟು.

ಕಾರ್ಟ್ರಿಜ್, ಕನ್ಸೋಲ್, ಕಂಟ್ರೋಲರ್ ಎಂಬ ಮಾತುಗಳೆಲ್ಲ ನನಗೆ ಬಂದದ್ದು ತೀರಾ ಈಚೆಗೆ. ತಿಪಟೂರಿನ ನಮ್ಮ ಬೀದಿಯಲ್ಲಿ ಅದು ವಿಡಿಯೋ ಗೇಮು, ಅದರ ತಲೆಗೆ ಸಿಕ್ಕಿಸುವುದು ಕ್ಯಾಸೆಟ್ಟು, ಕೈಯಲ್ಲಿ ಹಿಡಿಯುವುದು ರಿಮೋಟು. ವೈರಿದ್ದರೂ ರಿಮೋಟು ಹೇಗಾಗುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಆ ಮಾತುಗಳಲ್ಲೇ ಹೇಳುತ್ತೇನೆ.

ಅದು ಮನೆಗೆ ಬಂದದ್ದು 1996ರಲ್ಲಿ. ಅಪ್ಪ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅಣ್ಣನಿಗೆ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ. ಶಾಲೆಗೆ ಮೊದಲು ಬಂದರೆ ಏನು ಕೇಳಿದರೂ ಕೊಡಿಸುತ್ತೇನೆ ಎಂದು ಅಪ್ಪ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅಂದುಬಿಟ್ಟಿದ್ದರು. ಸೈಕಲ್ ಕೇಳುತ್ತಾನೆ ಅಂದುಕೊಂಡಿದ್ದರೋ ಏನೋ. ಅಣ್ಣ ಮೊದಲು ಬಂದ, ವಿಡಿಯೋ ಗೇಮು ಕೇಳಿದ. ಮಂಡಿ ಕೆಲಸದ ಮೇಲೆ ಬೆಂಗಳೂರಿಗೆ ಹೋದ ಅಪ್ಪ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ಟಿನಿಂದ ಅದನ್ನು ತಂದರು. ರಾತ್ರಿ ರೈಲಿಳಿದು ಬಂದವರು ಟವೆಲ್ಲಿನಲ್ಲಿ ಸುತ್ತಿದ್ದ ಪೆಟ್ಟಿಗೆಯನ್ನು ಅಮ್ಮನಿಗೆ ಕಾಣದ ಹಾಗೆ ಮಂಚದ ಕೆಳಗಿಟ್ಟಿದ್ದು ನನಗೆ ನೆನಪಿದೆ. ಎಷ್ಟು ಕೊಟ್ಟರೆಂದು ಅವರು ಕೊನೆಯವರೆಗೂ ಹೇಳಲಿಲ್ಲ.

ಹಾಗಾಗಿ ಅದು ಮೊದಲ ದಿನದಿಂದಲೂ ಅಣ್ಣನ ವಿಡಿಯೋ ಗೇಮು. ನಾನು ಮೂರು ವರ್ಷ ಚಿಕ್ಕವಳು, ಯಾವ ಪರೀಕ್ಷೆಯಲ್ಲೂ ಮೊದಲು ಬಂದವಳಲ್ಲ. ಎರಡು ರಿಮೋಟಿನಲ್ಲಿ ಮೊದಲನೆಯದು ಅವನದು, ಎರಡನೆಯದು ನನ್ನದು. ವೈರುಗಳು ಪೆಟ್ಟಿಗೆಯೊಳಗಿಂದಲೇ ಹೊರಟಿದ್ದರಿಂದ ಬಿಚ್ಚಿ ಅದಲು ಬದಲು ಮಾಡುವಂತೆಯೂ ಇರಲಿಲ್ಲ. ನೋಡಲು ಎರಡೂ ಒಂದೇ ಥರ. ಎಡಗಡೆ ಕೂಡಿಸುವ ಚಿಹ್ನೆಯಂಥ ಗುಂಡಿ, ಬಲಗಡೆ ಎ ಮತ್ತು ಬಿ. ಮಧ್ಯದಲ್ಲಿ ಮಾತ್ರ ಒಂದು ವ್ಯತ್ಯಾಸ. ಅಣ್ಣನದರಲ್ಲಿ ಸೆಲೆಕ್ಟ್, ಸ್ಟಾರ್ಟ್ ಎಂಬ ಎರಡು ಗುಂಡಿಗಳಿದ್ದವು. ನನ್ನದರಲ್ಲಿ ಆ ಜಾಗ ಬೋಳು. ಆಟ ಶುರು ಮಾಡುವುದು, ಯಾವ ಆಟ ಎಂದು ಆರಿಸುವುದು, ನಡುವೆ ನಿಲ್ಲಿಸುವುದು ಎಲ್ಲ ಅವನ ಕೈಯಲ್ಲಿ. ಅವನಿಗೆ ನೀರಡಿಕೆಯಾದರೆ ಆಟ ನಿಲ್ಲುತ್ತಿತ್ತು. ನನ್ನನ್ನು ಅಮ್ಮ ಕರೆದರೆ ನಾನು ಎದ್ದು ಹೋಗುತ್ತಿದ್ದೆ, ವಾಪಸು ಬರುವಷ್ಟರಲ್ಲಿ ನನ್ನವನು ಸತ್ತಿರುತ್ತಿದ್ದ.

ಇದು ಕಂಪನಿಯವರು ತಂಗಿಯರ ಮೇಲೆ ಸಾಧಿಸಿದ ಹಗೆ ಎಂದೇ ಬಹಳ ದಿನ ನಂಬಿದ್ದೆ. ನಿಜ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಪೆಟ್ಟಿಗೆ ಚೀನಾದಿಂದ ಬಂದ ನಕಲು. ಅಸಲು ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಲಿ ಕಂಪ್ಯೂಟರ್, ಅಲ್ಲಿನವರು ಚಿಕ್ಕದಾಗಿ ಫ್ಯಾಮಿಕಾಮ್ ಎನ್ನುತ್ತಾರೆ. 1983ರ ಜುಲೈ 15ರಂದು ಮಾರುಕಟ್ಟೆಗೆ ಬಂದದ್ದು, ಮಸಾಯುಕಿ ಉಯೆಮುರಾ ಎಂಬ ಎಂಜಿನಿಯರ್ ಮುಂದೆ ನಿಂತು ರೂಪಿಸಿದ್ದು. ಅದರ ಎರಡನೇ ರಿಮೋಟಿನಲ್ಲೂ ಸ್ಟಾರ್ಟ್ ಇರಲಿಲ್ಲ, ಬದಲಿಗೆ ಒಂದು ಪುಟ್ಟ ಮೈಕು ಇತ್ತು. ಎರಡನೆಯವರು ಆಟ ಶುರು ಮಾಡಲಾರರು, ಆದರೆ ಬಾಯಿಬಿಟ್ಟು ಕೂಗಬಹುದಿತ್ತು, ಕೂಗಿದ್ದು ಟೀವಿಯಲ್ಲಿ ಕೇಳುತ್ತಿತ್ತು. ನಕಲು ಮಾಡಿದವರು ಖರ್ಚು ಉಳಿಸಲು ಮೈಕನ್ನು ಕಿತ್ತರು, ಗುಂಡಿಗಳನ್ನು ಮಾತ್ರ ವಾಪಸು ಕೊಡಲಿಲ್ಲ.

ನಮ್ಮ ದೇಶದ ಬಹುಪಾಲು ಮಕ್ಕಳಿಗೆ ಸಿಕ್ಕಿದ್ದು ಇಂಥ ನಕಲುಗಳೇ. ಲಿಟಲ್ ಮಾಸ್ಟರ್, ಟರ್ಮಿನೇಟರ್ ಮುಂತಾದ ಹೆಸರುಗಳನ್ನು ನನ್ನ ವಾರಿಗೆಯವರು ಈಗಲೂ ಮುಖ ಅರಳಿಸಿಕೊಂಡು ಹೇಳುತ್ತಾರೆ. ನಮ್ಮದರ ಮೈಮೇಲೆ ಯಾವ ಹೆಸರೂ ಇರಲಿಲ್ಲ. ಅದರ ಜೊತೆ ಬಂದ ಕ್ಯಾಸೆಟ್ಟಿನ ಮೇಲೆ 9999 ಆಟಗಳು ಎಂದು ಬರೆದಿತ್ತು. ಅಣ್ಣ ಒಂದು ಭಾನುವಾರ ಪೂರ್ತಿ ಕೂತು ಪಟ್ಟಿಯನ್ನು ಕೆಳಗೆ ಕೆಳಗೆ ಸರಿಸುತ್ತಾ ಹೋದ. ಸಂಜೆ ಹೊತ್ತಿಗೆ ಎಣಿಕೆ ಮುಗಿಸಿ, "ಒಟ್ಟು ಇಪ್ಪತ್ತೇ ಇರೋದು. ಅದೇ ಆಟಾನ ಬೇರೆ ಬೇರೆ ಲೆವೆಲ್ಲಿಂದ ಶುರು ಮಾಡಿ ಬೇರೆ ಹೆಸರು ಕೊಟ್ಟಿದ್ದಾರೆ" ಎಂದ. ಅಪ್ಪನಿಗೆ ಮೋಸವಾಯಿತಲ್ಲ ಎಂದು ನನಗೆ ಅಳು ಬಂದಿತ್ತು. ಅಪ್ಪ ನಕ್ಕು, "ಮಂಡೀಲೂ ಹಿಂಗೇ ಕಣಮ್ಮ, ಚೀಲದ ಮೇಲೆ ಒಂದು ಬರೆದಿರ್ತಾರೆ, ಒಳಗೆ ಒಂದಿರುತ್ತೆ" ಅಂದರು.

ನಮ್ಮದು ಕಪ್ಪು ಬಿಳುಪು ಟೀವಿ. ಇದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾವು ಹೆಚ್ಚು ಆಡಿದ್ದು ಕಾಂಟ್ರಾ, 1988ರಲ್ಲಿ ಕೊನಾಮಿ ಕಂಪನಿ ಮನೆ ಟೀವಿಗೆಂದು ತಂದದ್ದು. ಇಬ್ಬರು ಸೈನಿಕರು ಕಾಡಿನೊಳಗೆ ಓಡುತ್ತಾ ಗುಂಡು ಹಾರಿಸುತ್ತಾ ಹೋಗಬೇಕು. ಒಂದೇ ಒಂದು ಗುಂಡು ತಾಗಿದರೂ ಸಾವು. ಮೊದಲನೆಯವನ ಪ್ಯಾಂಟು ನೀಲಿ, ಎರಡನೆಯವನದು ಕೆಂಪು, ಗುರುತು ಅಷ್ಟೇ. ನಮ್ಮ ಟೀವಿಯಲ್ಲಿ ನೀಲಿಯೂ ಬೂದಿ, ಕೆಂಪೂ ಬೂದಿ. ಇಬ್ಬರೂ ಒಂದೇ ಕಡೆ ಹಾರಿ, ಒಬ್ಬ ಸತ್ತರೆ ಯಾರು ಸತ್ತದ್ದೆಂದು ಒಂದು ಕ್ಷಣ ತಿಳಿಯುತ್ತಿರಲಿಲ್ಲ. ಅಣ್ಣ ತಕ್ಷಣ ಹೇಳುತ್ತಿದ್ದ: "ನಿನ್ನೋನು." ಸತ್ತವನು ಯಾವಾಗಲೂ ನನ್ನವನೇ. ನಾನು ಗುಂಡಿ ಒತ್ತಿ ನೋಡುವಷ್ಟರಲ್ಲಿ ಉಳಿದವನು ಮುಂದೆ ಓಡಿಯಾಗಿರುತ್ತಿತ್ತು. ಕೆಲವು ಸಲ ಓಡುತ್ತಿದ್ದವನು ನನ್ನ ಗುಂಡಿಗೆ ಹಾರುತ್ತಿದ್ದ! ಆಗ ಅಣ್ಣ, "ಹೌದಾ, ನಿನ್ನೋನೇ ಉಳ್ಕೊಂಡಿದ್ದಾನೆ" ಎಂದು, ದೊಡ್ಡ ಉಪಕಾರ ಮಾಡಿದವನ ಹಾಗೆ ಹೇಳುತ್ತಿದ್ದ.

ಮೂರನೆಯ ಹಂತದಲ್ಲಿ ಜಲಪಾತ ಬರುತ್ತದೆ. ಅಲ್ಲಿ ಮುಂದೆ ಓಡುವುದಲ್ಲ, ಬಂಡೆಯಿಂದ ಬಂಡೆಗೆ ನೆಗೆಯುತ್ತಾ ಮೇಲಕ್ಕೆ ಹತ್ತಬೇಕು. ಒಬ್ಬ ಬೇಗ ಹತ್ತಿದರೆ ಅವನ ಜೊತೆ ಚಿತ್ರವೂ ಮೇಲಕ್ಕೆ ಸರಿಯುತ್ತದೆ. ಕೆಳಗೆ ಉಳಿದವನು ಪರದೆಯಿಂದ ಆಚೆ ಹೋದರೆ ಸತ್ತ ಲೆಕ್ಕ. ಯಾವ ವೈರಿಯ ಗುಂಡೂ ಬೇಕಿಲ್ಲ, ಜೊತೆಗಾರ ಅವಸರ ಮಾಡಿದರೆ ಸಾಕು. ನಾನು ಆ ಜಲಪಾತದಲ್ಲಿ ಎಷ್ಟು ಸಲ ಸತ್ತಿದ್ದೇನೋ ಲೆಕ್ಕವಿಲ್ಲ. "ನಿಧಾನ ಹತ್ತೋ ಅಣ್ಣ" ಎಂದು ಕೂಗುವುದು, ಅವನು ಹತ್ತುವುದು, ನಾನು ಬೀಳುವುದು. ಜೀವಗಳೆಲ್ಲ ಮುಗಿದ ಮೇಲೆ ಆ ಆಟದಲ್ಲಿ ಒಂದು ಸೌಕರ್ಯವಿದೆ: ಜೊತೆಗಾರನ ಖಾತೆಯಲ್ಲಿ ಜೀವ ಉಳಿದಿದ್ದರೆ ಒಂದನ್ನು ಎತ್ತಿಕೊಂಡು ಮತ್ತೆ ಆಟಕ್ಕೆ ಇಳಿಯಬಹುದು. ನಾನು ಹಾಗೆ ಎತ್ತಿಕೊಂಡಾಗಲೆಲ್ಲ ಅವನು, "ಕೇಳ್ದೆ ತಗೋಬೇಡ ಅಂತ ಎಷ್ಟ್ ಸಲ ಹೇಳ್ಬೇಕು ನಿಂಗೆ?" ಎಂದು ಗದರುತ್ತಿದ್ದ. ಕೇಳಿದರೆ ಕೊಡುತ್ತಿರಲಿಲ್ಲ, ಅದು ಬೇರೆ ಮಾತು.

ಮೈಸೂರಿನ ಹಾಸ್ಟೆಲ್ಲಿಗೆ ಸೇರಿದ್ದ ಬೀದಿಯ ಹುಡುಗನೊಬ್ಬ ದಸರಾ ರಜಕ್ಕೆ ಬಂದಾಗ ಒಂದು ಮಂತ್ರ ತಂದುಕೊಟ್ಟ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಆಟದ ಮೊದಲ ಪುಟದಲ್ಲಿ ಹೀಗೆ ಒತ್ತಿ ಶುರು ಮಾಡಿದರೆ ಮೂರರ ಬದಲು ಮೂವತ್ತು ಜೀವ. ಅಣ್ಣ ಅದನ್ನು ಗಣಿತದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬಾಣದ ಗುರುತು ಹಾಕಿ ಬರೆದುಕೊಂಡ. ಆ ಮಂತ್ರವೂ ಮೊದಲನೇ ರಿಮೋಟಿನಲ್ಲಿ ಮಾತ್ರ ಫಲ ಕೊಡುತ್ತಿತ್ತು. ಅದನ್ನು ಮೊದಲು ಹೊಸೆದವರು ಕಝುಹಿಸಾ ಹಶಿಮೊಟೊ. 1986ರಲ್ಲಿ ಗ್ರೇಡಿಯಸ್ ಎಂಬ ಆಟವನ್ನು ಫ್ಯಾಮಿಕಾಮಿಗೆ ತರುವಾಗ ಪರೀಕ್ಷೆಗೆಂದು ಆಡಿ ನೋಡಿದರೆ ಅವರಿಗೇ ಅದು ಕಷ್ಟವಾಯಿತಂತೆ. ತಮ್ಮ ಅನುಕೂಲಕ್ಕೆ ಒಂದು ಕಳ್ಳದಾರಿ ಮಾಡಿಕೊಂಡರು, ಅದು ಆಟದೊಳಗೆ ಹಾಗೇ ಉಳಿದುಹೋಯಿತು. 2020ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಓದಿದ ದಿನ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಮೇಜಿನ ಮೇಲೆ ಹೆಬ್ಬೆರಳಿನಿಂದ ಆ ಹತ್ತನ್ನೂ ಒತ್ತಿ ನೋಡಿದೆ. ಬೆರಳು ಮರೆತಿರಲಿಲ್ಲ.

ನಾನೀಗ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಈ ಪೆಟ್ಟಿಗೆಯೇ ಕಾರಣ ಎಂದರೆ ಸುಳ್ಳಾಗುತ್ತದೆ, ಏನೂ ಸಂಬಂಧವಿಲ್ಲ ಎಂದರೂ ಸುಳ್ಳೇ. ಒಳಗೆ ಏನಿದೆ ಎಂದು ಬಿಚ್ಚಿ ನೋಡಿದಾಗಿನ ಖುಷಿ ಈಗಲೂ ಇಳಿದಿಲ್ಲ. ಅಸಲು ಫ್ಯಾಮಿಕಾಮಿನಲ್ಲಿ ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ಸೂಪರ್ ಮಾರಿಯೋ ಬ್ರದರ್ಸ್ ಎಂಬ ಇಡೀ ಆಟ, ಮೂವತ್ತೆರಡು ಹಂತ, ಆಮೆ, ಅಣಬೆ, ಕೋಟೆ, ಸಂಗೀತ ಎಲ್ಲ ಸೇರಿ 40 ಕಿಲೋಬೈಟ್. ನೀವು ಓದುತ್ತಿರುವ ಈ ಪ್ರಬಂಧದ ಅಕ್ಷರಗಳು ಕಂಪ್ಯೂಟರಿನಲ್ಲಿ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತವೆ! ಜಾಗ ಉಳಿಸಲು ಅವರು ಮಾಡಿದ ಉಪಾಯಗಳಲ್ಲಿ ಒಂದು ಈಗ ಪ್ರಸಿದ್ಧ. ಆಕಾಶದ ಮೋಡ, ನೆಲದ ಪೊದೆ ಎರಡಕ್ಕೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಇದನ್ನು ತಿಳಿದು ಜಗತ್ತೆಲ್ಲ ಬೆರಗಾಯಿತು. ಕಪ್ಪು ಬಿಳುಪು ಟೀವಿಯ ಮುಂದೆ ಕೂತಿದ್ದ ಹತ್ತು ವರ್ಷದ ನಾನು ಅವತ್ತೇ, "ಅಣ್ಣ, ಮೋಡ ಕೆಳಗೆ ಬಂದು ಕೂತಿದೆ ನೋಡೋ" ಎಂದಿದ್ದೆ. "ನಿನ್ ತಲೆ" ಎಂದಿದ್ದ ಅವನು.

ಇನ್ನೊಂದು ವಿಷಯ ಗೊತ್ತಾದದ್ದು ಮಗಳಿಂದ. ಅವಳಿಗೆ ಮಾರಿಯೋ ಪರಿಚಯವಾದದ್ದು ಯೂಟ್ಯೂಬಿನಲ್ಲಿ. ನಮ್ಮ ಪೆಟ್ಟಿಗೆಯನ್ನು ಮೊದಲ ಸಲ ಹಚ್ಚಿ ತೋರಿಸಿದಾಗ, "ಅಮ್ಮ, ಇದು ಸ್ಲೋ ಇದೆ" ಅಂದಳು. ಇಲ್ಲ ಕಂದಾ, ಇದೇ ಸರಿ ಅಂದೆ. ಅವಳು ಮೊಬೈಲಿನಲ್ಲಿ ಅಸಲು ಹಾಕಿ ಪಕ್ಕದಲ್ಲಿಟ್ಟಳು. ಕೋಜಿ ಕೊಂಡೊ ಮಾಡಿದ ಅದೇ ರಾಗ, ಅದೇ ಶ್ರುತಿ, ಆದರೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಿದೆ. ನನಗೆ ನಂಬಲಾಗಲಿಲ್ಲ. ಆಮೇಲೆ ಕೂತು ಯೋಚಿಸಿದೆ. ಜಪಾನ್, ಅಮೆರಿಕದ ಟೀವಿಗಳು ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತವೆ, ಆಟದ ಪ್ರತಿ ಹೆಜ್ಜೆಯೂ ಆ ಲೆಕ್ಕಕ್ಕೇ ಕಟ್ಟಿದ್ದು. ನಮ್ಮ ಟೀವಿಗಳದ್ದು 50. ನಮ್ಮ ಕರೆಂಟಿನ ಲಯವೂ ಅದೇ. ಇಲ್ಲಿಗೆಂದು ಮಾಡಿದ ನನ್ನ ಪೆಟ್ಟಿಗೆ ಆ ಐವತ್ತಕ್ಕೆ ಹೊಂದಿಕೊಂಡು ನಡೆಯುತ್ತದೆ. ಅವರ ಮಾರಿಯೋ ಆರು ಹೆಜ್ಜೆ ಇಟ್ಟರೆ ನಮ್ಮವನದು ಐದು. ಸಂಗೀತಕ್ಕೂ ಅದೇ ಗತಿ. ಕಾಂಟ್ರಾದ ಗುಂಡುಗಳೂ ಹಾಗೇ ನಿಧಾನವಾಗಿ ಬರುತ್ತಿದ್ದವು. ನಾವು ಗೆದ್ದದ್ದಕ್ಕೆಲ್ಲ ಆರನೇ ಒಂದು ಪಾಲು ರಿಯಾಯಿತಿ ಇತ್ತು ಎಂದಾಯಿತು.

ಫೋನಿನಲ್ಲೇ ಇವೆಲ್ಲ ಆಟಗಳೂ ಸಿಗುತ್ತವಲ್ಲ ಮೇಡಂ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಸಿಗುತ್ತವೆ. ಆಡಿಯೂ ಇದ್ದೇನೆ. ಆದರೆ ಅದು ಅವರ ವೇಗದ ಮಾರಿಯೋ. ಗೋಡೆಯ ಟೀವಿಗೆ ಈ ಪೆಟ್ಟಿಗೆಯನ್ನೇ ಸೇರಿಸಿದರೆ ಗುಂಡಿ ಒತ್ತುವುದಕ್ಕೂ ಅವನು ನೆಗೆಯುವುದಕ್ಕೂ ನಡುವೆ ಒಂದು ಕೂದಲೆಳೆಯಷ್ಟು ತಡ ಸೇರಿಕೊಳ್ಳುತ್ತದೆ. ಹೊಸ ಟೀವಿ ಬಂದ ಚಿತ್ರವನ್ನು ಮೊದಲು ಒಳಗೆ ಇಟ್ಟುಕೊಂಡು, ಹಿಗ್ಗಿಸಿ, ತಿದ್ದಿ ಆಮೇಲೆ ತೋರಿಸುತ್ತದೆ. ಹಳೆಯದು ಬಂದದ್ದನ್ನು ಬಂದ ಹಾಗೇ ಬರೆದುಬಿಡುತ್ತದೆ. ಬಾತುಕೋಳಿ ಹೊಡೆಯುವ ಬಂದೂಕಂತೂ ಹೊಸ ಟೀವಿಯ ಮುಂದೆ ಕುರುಡು. ಟ್ರಿಗರ್ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತು ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿಯ ಚೌಕ ಮಿಂಚುತ್ತದೆ. ಬಂದೂಕಿನ ತುದಿಯ ಕಣ್ಣು ಆ ಬೆಳಕನ್ನು ಕಂಡರೆ ಗುರಿ ತಾಗಿದಂತೆ. ಬಂದೂಕಿನಿಂದ ಏನೂ ಹೊರಡುವುದಿಲ್ಲ, ಅದು ನೋಡುತ್ತದೆ ಅಷ್ಟೆ. ಇದನ್ನು ಬೆಳಕಿನ ಪಾಠದಲ್ಲಿ ಹೇಳುತ್ತೇನೆ, ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಇಟ್ಟುಕೊಳ್ಳುವುದು ಸುಲಭವಲ್ಲ. ಡಬ್ಬ ಟೀವಿ ಹುಡುಕಿ ತರಲು ಮೂರು ತಿಂಗಳು ಅಲೆದೆ. ಕೊಟ್ಟ ರಿಪೇರಿಯವರು ಎಪ್ಪತ್ತರ ಹತ್ತಿರದವರು, "ದುಡ್ಡು ಬೇಡಮ್ಮ, ಇದನ್ನ ತಗೊಂಡ್ ಹೋದ್ರೆ ಅಂಗಡೀಲಿ ಜಾಗ ಆಗುತ್ತೆ" ಎಂದರು. ಪೆಟ್ಟಿಗೆಯೊಳಗೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಸುಟ್ಟಿತ್ತು, ಎಸ್‌ಪಿ ರೋಡಿನಲ್ಲಿ ಚಹಾದ ದುಡ್ಡಿಗೆ ಹೊಸದು ಸಿಕ್ಕಿತು. ರಿಮೋಟಿನ ಗುಂಡಿಗಳ ಕೆಳಗೆ ರಬ್ಬರಿನ ಹಾಸಿರುತ್ತದೆ, ಅದರ ತಳಕ್ಕೆ ಕಾರ್ಬನ್ ಬೊಟ್ಟು. ಅದು ಸವೆದರೆ ಗುಂಡಿ ಮಾತು ಕೇಳುವುದಿಲ್ಲ. ಮೆತ್ತನೆಯ ಪೆನ್ಸಿಲಿನಿಂದ ತಿದ್ದಿ ಕಪ್ಪು ಮಾಡಿದರೆ ಮತ್ತೆ ಕೆಲವು ತಿಂಗಳು. ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಬೇಕು. ಊದಬಾರದು, ಉಸಿರಿನ ತೇವದಿಂದ ಕಿಲುಬು ಹಿಡಿಯುತ್ತದೆ. ಚಿಕ್ಕಂದಿನಲ್ಲಿ ಊದಿ ಹಾಕಿದಾಗ ಆಟ ಬರುತ್ತಿದ್ದುದು ಊದಿದ್ದರಿಂದಲ್ಲ, ತೆಗೆದು ಮತ್ತೆ ಹಾಕಿದ್ದರಿಂದ. ಇಷ್ಟೆಲ್ಲ ಗೊತ್ತಿದ್ದೂ ನಾನು ಊದುತ್ತೇನೆ. ರಿಪೇರಿ ಮಾಡಲಾಗದ್ದು ಒಂದೇ, ಬೋರ್ಡಿನ ನಡುವೆ ಗಟ್ಟಿಯಾದ ಡಾಂಬರಿನ ಹನಿಯಂಥ ಒಂದು ಕರಿಯ ಉಬ್ಬು. ಅಗ್ಗದ ನಕಲುಗಳಲ್ಲಿ ಚಿಪ್ಪನ್ನು ಬೋರ್ಡಿಗೇ ಅಂಟಿಸಿ ಮೇಲೆ ಅಂಟು ಸುರಿದುಬಿಡುತ್ತಾರೆ. ಅದು ಹೋದ ದಿನ ಎಲ್ಲ ಮುಗಿಯಿತು.

ಈ ಪೆಟ್ಟಿಗೆ ನನ್ನದಾದ ಬಗೆಯನ್ನು ಇನ್ನೂ ಹೇಳಿಲ್ಲ. ಅಪ್ಪ ಹೋಗಿ ಎರಡು ವರ್ಷಕ್ಕೆ ಅಮ್ಮನೂ ಹೋದರು. ತಿಪಟೂರಿನ ಮನೆ ಉಳಿಯಿತು. ಅಣ್ಣನಿಗೆ ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಮನೆ ತನ್ನ ಹೆಸರಿಗೆ ಆದರೆ ರಿಪೇರಿಗೆ ಸಾಲ ಸಿಗುತ್ತದೆ, ಮಾರುವುದಿಲ್ಲ, ಹಬ್ಬಕ್ಕೆ ಎಲ್ಲ ಸೇರಬಹುದು ಎಂದ. ನಾನು ಸಬ್‌ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೆಬ್ಬೆರಳು ಒತ್ತಿದೆ. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಹಾಗೆ ಒತ್ತಿಲ್ಲ? ಹೊರಗೆ ಬಂದ ಮೇಲೆ ಅವನು ಮುಜುಗರದಿಂದಲೇ, "ನಿಂಗೇನ್ ಬೇಕೋ ಮನೆಯಿಂದ ತಗೊಂಡ್ ಹೋಗೇ" ಎಂದ. ಅಮ್ಮನ ಹೊಲಿಗೆ ಮೆಷಿನ್ನು, ಅಟ್ಟದ ಮೇಲಿದ್ದ ವಿಡಿಯೋ ಗೇಮು ಅಂದೆ. "ಆ ಗುಜರೀನಾ?" ಎಂದು ನಕ್ಕ. ನಾನೂ ನಕ್ಕೆ.

ಎಂಟು ತಿಂಗಳಿಗೆ ಪಕ್ಕದ ಮನೆಯವರು ಫೋನ್ ಮಾಡಿ, "ಮನೆ ಕೊಟ್ಟುಬಿಟ್ರಂತಲ್ಲಮ್ಮ, ಒಳ್ಳೇ ರೇಟು ಬಂತಾ?" ಎಂದು ಕೇಳಿದರು. ಅಣ್ಣನಿಗೆ ಫೋನ್ ಮಾಡಿದೆ. "ಹೇಳ್ಬೇಕು ಅಂತಿದ್ದೆ, ಮರೆತೋಯ್ತು" ಎಂದ. ಮನೆ ಮಾರಿದ್ದು ಮರೆತುಹೋಗುವುದೇ? ನನಗೆ ದುಡ್ಡಿನ ಆಸೆ ಇರಲಿಲ್ಲ ಎಂದರೆ ನೀವು ನಂಬಬೇಕಾಗಿಲ್ಲ, ಸ್ವಲ್ಪ ಇತ್ತು. ಆದರೆ ಉರಿದದ್ದು ಅದಕ್ಕಲ್ಲ. ಒಂದು ಸಲ ಬಾಗಿಲು ತೆಗೆದು ಆ ಖಾಲಿ ಕೋಣೆಗಳನ್ನು ನೋಡಿ ಬರಲು ಬಿಡಬಹುದಿತ್ತು. ನಾನು ಮತ್ತೆ ಫೋನ್ ಮಾಡಲಿಲ್ಲ, ಅವನೂ ಮಾಡಲಿಲ್ಲ. ಹಬ್ಬಗಳಿಗೆ ಅತ್ತಿಗೆ ವಾಟ್ಸ್ಯಾಪಿನಲ್ಲಿ ಹೂವಿನ ಚಿತ್ರ ಕಳಿಸುತ್ತಿದ್ದರು, ನಾನು ಕೈ ಮುಗಿಯುವ ಚಿತ್ರ ಕಳಿಸುತ್ತಿದ್ದೆ. ಹೀಗೆ ಎರಡೂವರೆ ವರ್ಷ. ನಾನು ರಾತ್ರಿ ಹೊತ್ತು ಆ ಪೆಟ್ಟಿಗೆಯನ್ನು ಬಿಚ್ಚಿ ರಿಪೇರಿ ಮಾಡತೊಡಗಿದ್ದು ಆ ದಿನಗಳಲ್ಲೇ.

ಹೋದ ವರ್ಷ ಜೂನ್ ತಿಂಗಳ ಒಂದು ಸಂಜೆ ಅವನ ಫೋನ್ ಬಂತು. ಮಗನನ್ನು ಪಿಯು ಹಾಸ್ಟೆಲ್ಲಿಗೆ ಬಿಡಲು ಬೆಂಗಳೂರಿಗೆ ಬಂದಿದ್ದ. ಹಾಸ್ಟೆಲ್ಲಿನವರು ನಾಳೆ ಬೆಳಗ್ಗೆ ಬನ್ನಿ ಎಂದಿದ್ದರು. ಹೊರಗೆ ಮಳೆ ಹೊಯ್ಯುತ್ತಿತ್ತು. "ಮೆಜೆಸ್ಟಿಕ್ಕಲ್ಲಿದ್ದೀವಿ ಕಣೇ. ಒಂದ್ ರಾತ್ರಿ ನಿಮ್ಮನೇಲಿ ಇರಬಹುದಾ?" ಎಂದು ಕೇಳಿದ. ಅಣ್ಣ ತಂಗಿಯ ಮನೆಗೆ ಬರಲು ಅನುಮತಿ ಕೇಳುತ್ತಿದ್ದಾನೆ! ಬಾ ಎನ್ನಲು ನನಗೆ ಒಂದು ಕ್ಷಣ ಗಂಟಲು ಕಟ್ಟಿತು, ಕೋಪಕ್ಕೋ ಏನಕ್ಕೋ.

ನೆನೆದು ಬಂದರು. ಟವೆಲ್ ಕೊಟ್ಟೆ, ಅನ್ನ ಸಾರು ಬಡಿಸಿದೆ. ನನ್ನವರು ಮಳೆ, ಟ್ರಾಫಿಕ್ಕು, ಹಾಸ್ಟೆಲ್ ಫೀಸು ಅಂತ ಮಾತು ಜೋಡಿಸುತ್ತಿದ್ದರು. ಊಟವಾದ ಮೇಲೆ ಮಾತಿಲ್ಲದೆ ಕೂತಿದ್ದಾಗ ಅವನ ಕಣ್ಣು ಮೂಲೆಗೆ ಹೋಯಿತು.

"ಅದೇನಾ?"

"ಅದೇ."

"ನಡೆಯುತ್ತಾ?"

ನಾನು ಡಬ್ಬ ಎಳೆದು ವೈರು ಸಿಕ್ಕಿಸಿದೆ. ಕ್ಯಾಸೆಟ್ಟನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಬಾಯಿಗೆ ಹಿಡಿದು ಎಡದಿಂದ ಬಲಕ್ಕೆ ಒಂದು ಸಲ ಊದಿ ಹಾಕಿದ. ಮಗ ನಗತೊಡಗಿದ. ಮಗಳ ಜೊತೆ ಆಡಿ ಆಡಿ ನನಗೆ ಅಭ್ಯಾಸವಾಗಿತ್ತು. ಯೋಚಿಸದೆ ಮೊದಲನೇ ರಿಮೋಟು ತೆಗೆದುಕೊಂಡು ನೆಲದ ಮೇಲೆ ಕೂತೆ. ಅವನು ಮಂಡಿ ನೋವು ಎನ್ನುತ್ತಾ ಪಕ್ಕದಲ್ಲಿ ಕೂತು ಇನ್ನೊಂದನ್ನು ಎತ್ತಿಕೊಂಡ. ಕಾಂಟ್ರಾದ ಮೊದಲ ಪುಟ ಬಂತು. ಅವನ ಹೆಬ್ಬೆರಳು ರಿಮೋಟಿನ ನಡುವೆ ಹುಡುಕಾಡಿತು.

"ಸ್ಟಾರ್ಟ್ ಎಲ್ಲೇ?"

"ಅದ್ರಲ್ಲಿಲ್ಲ."

"ಕಿತ್ತೋಗಿದ್ಯಾ?"

"ಮೊದಲಿಂದ್ಲೂ ಇಲ್ಲ ಅಣ್ಣ."

ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ಹಿಂದೆ ತಿರುಗಿಸಿದ, ಮತ್ತೆ ಮುಂದೆ ತಿರುಗಿಸಿದ. ಬೋಳು ಜಾಗವನ್ನು ಬೆರಳಿಂದ ಒಂದು ಸಲ ಸವರಿದ. "ನಾನು ನೋಡೇ ಇರ್ಲಿಲ್ಲ ಕಣೇ" ಎಂದ. ಅಷ್ಟು ವರ್ಷ ಒಂದೇ ಚಾಪೆಯ ಮೇಲೆ ಮೊಣಕೈ ತಾಗುವಂತೆ ಕೂತು ಆಡಿದವನು! ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನು ನಿಜವಾಗಿಯೂ ನೋಡಿರಲಿಲ್ಲ. ನೋಡುವ ಅಗತ್ಯ ಅವನಿಗೆ ಯಾವತ್ತೂ ಬಿದ್ದಿರಲಿಲ್ಲ.

ನಾನು ಮಂತ್ರ ಹಾಕಲಿಲ್ಲ. ಮೂರೇ ಜೀವ. ಕಾಡು ದಾಟಿದೆವು, ಸೇತುವೆ ಸಿಡಿಯುವ ಜಾಗ ಅವನಿಗೆ ನೆನಪಿತ್ತು. ಕೋಟೆಯಲ್ಲಿ ಅವನು ಒಮ್ಮೆ ಸತ್ತ. ಜಲಪಾತ ಬಂತು. ಅವನ ಕೆಂಪು ಪ್ಯಾಂಟಿನವನು ಕೆಳಗಿನ ಬಂಡೆಯ ಮೇಲೆ ಹಿಂದೆ ಮುಂದೆ ಓಡುತ್ತಿದ್ದ, ಬೆರಳು ತಾಳ ತಪ್ಪಿತ್ತು. ನಿಲ್ಲಬಹುದಿತ್ತು. ನಾನು ಹತ್ತಿದೆ. ಇನ್ನೂ ಒಂದು ಬಂಡೆ ಹತ್ತಿದೆ. ಚಿತ್ರ ಮೇಲೆ ಸರಿದು ಅವನವನು ಪರದೆಯ ಕೆಳಗೆ ಕಾಣೆಯಾದ. ಅಣ್ಣ ತಿರುಗಿ ನನ್ನ ಮುಖ ನೋಡಿದ. ನಾನು ಪರದೆ ನೋಡುತ್ತಿದ್ದೆ. ಇನ್ನೊಂದು ಸಲವೂ ಹಾಗೇ ಆಯಿತು. ಎರಡನೆಯದು ಬೇಕಂತ ಮಾಡಿದ್ದಲ್ಲ ಎಂದು ಪ್ರಮಾಣ ಮಾಡಲಾರೆ.

ಅವನ ಜೀವಗಳು ಮುಗಿದವು. ನನ್ನ ಹತ್ತಿರ ಎರಡು ಉಳಿದಿದ್ದವು. ಅವನ ಹೆಬ್ಬೆರಳು ಗುಂಡಿಯ ಮೇಲೆ ನಿಂತಿತು. "ಒಂದ್ ತಗೊಳ್ಲಾ?" ಎಂದ.

ನಾನು ಸ್ಟಾರ್ಟ್ ಒತ್ತಿ ಆಟ ನಿಲ್ಲಿಸಿದೆ. ಸಂಗೀತ ನಿಂತಿತು. ಮಳೆಯ ಸದ್ದು ಕೇಳತೊಡಗಿತು.

"ಮನೆ ಮಾರೋದು ಯಾಕ್ ಹೇಳ್ಲಿಲ್ಲ?"

ಅವನು ಸುಮ್ಮನಿದ್ದ. ಆಮೇಲೆ ರಿಮೋಟನ್ನು ನೋಡುತ್ತಲೇ ಹೇಳಿದ. ಅಂಗಡಿಯ ಸಾಲ ಮನೆ ಬರೆಸಿಕೊಳ್ಳುವ ಮೊದಲೇ ಕುತ್ತಿಗೆಗೆ ಬಂದಿತ್ತಂತೆ. ಮಾರುವುದಿಲ್ಲ ಎಂದಾಗ ಮಾರಬಾರದು ಅಂತಲೇ ಇತ್ತಂತೆ.

"ಹೇಳಿದ್ರೆ ನಾನೇನ್ ಬೇಡ ಅಂತಿದ್ನಾ?"

"ಅಂತಿರ್ಲಿಲ್ಲ. ಅದಕ್ಕೇ ಹೇಳೋಕಾಗ್ಲಿಲ್ಲ."

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕೋಪ ಹೋಯಿತೆಂದೂ ಹೇಳಲಾರೆ. ಮನೆಯಂತೂ ಹೋಗಿದೆ, ಅದರ ಜಾಗದಲ್ಲಿ ಈಗ ಯಾರದೋ ಮೂರು ಅಂತಸ್ತು. ಸೋಫಾದ ಮೇಲಿಂದ ಅವನ ಮಗ, "ಅತ್ತೆ, ಹ್ಯಾಂಗ್ ಆಯ್ತಾ?" ಎಂದು ಕೇಳಿದ. ಇಲ್ಲ ಮಗಾ, ನಾನೇ ನಿಲ್ಲಿಸಿದ್ದೀನಿ ಅಂದೆ.

"ತಗೋ" ಎಂದು ಅಣ್ಣನಿಗೆ ಹೇಳಿ ಸ್ಟಾರ್ಟ್ ಒತ್ತಿದೆ. ಅವನು ಒಂದು ಜೀವ ಎತ್ತಿಕೊಂಡ. ನಿಧಾನವಾಗಿ ಹತ್ತಿದೆವು, ಅವನೊಂದು ಬಂಡೆ, ನಾನೊಂದು ಬಂಡೆ. ಜಲಪಾತದ ತುದಿಯಲ್ಲಿ ಕಾಯುತ್ತಿರುವ ದೊಡ್ಡ ಕೈಗಳ ಪ್ರಾಣಿಯ ಮುಂದೆ ಇಬ್ಬರೂ ಸತ್ತೆವು. ಯಾರು ಮೊದಲು ಸತ್ತದ್ದೆಂದು ಈ ಸಲ ಬಣ್ಣದಲ್ಲೇ ಕಾಣಿಸಿತು, ನನ್ನವನೇ. "ನಿನ್ನೋನು" ಎಂದ ಅಣ್ಣ.

ಮಕ್ಕಳಿಬ್ಬರೂ ನಾವು ಏಳುವುದನ್ನೇ ಕಾಯುತ್ತಿದ್ದರು. ಅಣ್ಣನ ಮಗ ಕೆಳಗೆ ಬಂದು ಕೂರುವಷ್ಟರಲ್ಲಿ ಮೊದಲನೇ ರಿಮೋಟು ಆಗಲೇ ನನ್ನ ಮಗಳ ತೊಡೆಯ ಮೇಲಿತ್ತು.